ಬೆಂಗಳೂರಿನ ರಾಮನ್

ಚಂದ್ರಶೇಖರ ವೆಂಕಟರಾಮನ್ ಅವರ ಹೆಸರೆತ್ತಿದೊಡನೆ ವಿದ್ಯಾವಂತರ ಮನಸ್ಸು 1928ರ ಫೆಬ್ರವರಿ 28ಕ್ಕೂ 1930ರ ನೊಬೆಲ್ ಪಾರಿತೋಷಕಕ್ಕೂ ಹೋಗಿ ನಿಲ್ಲುತ್ತದೆ. ಆ ಮೇಲೆ ಅವರು ಕನ್ನಡನಾಡಿನಲ್ಲಿ ಕಳೆದ ವರ್ಷಗಳನ್ನು ಕೀರ್ತಿಯ ಬಿಸಿಲಿಳಿದ ಸಂಜೆಯೆಂದೂ ಕಲಹಗಳ ಕಾಲವೆಂದೂ ಎಣಿಸುವ ವಾಡಿಕೆಯುಂಟು. ಆ ಎಣಿಕೆ ನ್ಯಾಯವಾದುದಲ್ಲ. ಇಂದು ಲೇಸರ್ ಕಿರಣವನ್ನು ಅಂಕೆಯಲ್ಲಿಡುವ ಉಪಕರಣಗಳಿಗೆ ತಳಹದಿಯಾದ ಸಿದ್ಧಾಂತವೊಂದು ಹುಟ್ಟಿದ್ದು ಆ ವರ್ಷಗಳಲ್ಲಿಯೇ, ಬೆಂಗಳೂರಿನಲ್ಲಿಯೇ.

ರಾಮನ್ನರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಅಧ್ಯಾಪಕರ ಮಗನಾಗಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, 1906ರಲ್ಲಿ, ಬೆಳಕಿನ ವಿವರ್ತನೆಯನ್ನು ಕುರಿತ ಅವರ ಮೊದಲ ಲೇಖನ ಪ್ರಕಟವಾಯಿತು. 1907ರಿಂದ ಕಲ್ಕತ್ತೆಯಲ್ಲಿ ಹಗಲು ಸರ್ಕಾರದ ಲೆಕ್ಕಪತ್ರ, ಸಂಜೆ ಪ್ರಯೋಗಶಾಲೆ. 1917ರಲ್ಲಿ ಹೆಚ್ಚಿನ ಸಂಬಳದ ಆ ಹುದ್ದೆಯನ್ನು ತೊರೆದು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. ವೀಣೆ, ಮೃದಂಗಗಳ ನಾದವನ್ನು ಅವರು ಶಾಸ್ತ್ರೀಯವಾಗಿ ಪರೀಕ್ಷಿಸಿದ್ದೂ ಕಲ್ಕತ್ತೆಯಲ್ಲಿಯೇ. ಹೀಗೆ ಬೆಳಕು, ನಾದ ಎರಡರಲ್ಲಿಯೂ ಪಳಗಿದ ರಾಮನ್ನರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು.

ಗ್ರೇಟಿಂಗ್ ಎಂದರೆ ಸಮಾನ ಅಂತರದಲ್ಲಿ ಒತ್ತೊತ್ತಾಗಿ ಗೆರೆ ಕೊರೆದ ಫಲಕ. ಸಿಂಧನೂರು, ಜವಳಗೇರಾ ಕಡೆಯ ಎರೆಹೊಲಗಳಲ್ಲಿ ಕೂರಿಗೆಯಿಂದ ಬಿತ್ತಿದ ಸಾಲುಗಳನ್ನು ಕಂಡವರಿಗೆ ಅದರ ರೂಪ ಸುಲಭವಾಗಿ ಮನಸ್ಸಿಗೆ ಬರುತ್ತದೆ. ಆದರೆ ಇಲ್ಲಿ ಒಂದು ಮಿಲಿಮೀಟರಿನೊಳಗೆ ನೂರಾರು ಸಾಲುಗಳಿರಬಹುದು. ಸಾಲುಸಾಲಿನಿಂದ ಹೊರಟ ಬೆಳಕು ಕೆಲವೇ ದಿಕ್ಕುಗಳಲ್ಲಿ ಹೆಜ್ಜೆಗೂಡಿ ಬಲಗೊಳ್ಳುತ್ತದೆ. ಬಣ್ಣಬಣ್ಣಕ್ಕೆ ಆ ದಿಕ್ಕು ಬೇರೆ.

ಕೊರೆಯದೆಯೂ ಇಂಥ ಸಾಲುಗಳು ಒದಗಬಲ್ಲವು. ಕಿವಿಗೆ ಕೇಳದಷ್ಟು ಹೆಚ್ಚಿನ ಕಂಪನದ ಧ್ವನಿ ದ್ರವದೊಳಗೆ ಹಾಯುವಾಗ ಸಾಂದ್ರ, ವಿರಳ ಪದರಗಳು ಸರದಿಯಾಗಿ ಏರ್ಪಡುತ್ತವೆ. ಅವು ಬೆಳಕನ್ನು ಗ್ರೇಟಿಂಗಿನಂತೆಯೇ ಹಲವು ಕಿರಣಗಳಾಗಿ ಒಡೆಯುವುದನ್ನು 1932ರಲ್ಲಿ ಅಮೆರಿಕದಲ್ಲಿ ಡಿಬೈ ಮತ್ತು ಸಿಯರ್ಸ್, ಫ್ರಾನ್ಸಿನಲ್ಲಿ ಲುಕಾ ಮತ್ತು ಬಿಕಾರ್ ಕಂಡರು. ಆದರೆ ಆ ಕಿರಣಗಳ ಪ್ರಕಾಶ ಧ್ವನಿಯ ಬಲದೊಡನೆ ಏರಿಳಿಯುವ ಬಗೆ ಒಗಟಾಗಿತ್ತು. ರಾಮನ್ನರೂ ಅವರ ಕಿರಿಯ ಸಹೋದ್ಯೋಗಿ ನಾಗೇಂದ್ರನಾಥರೂ 1935–36ರಲ್ಲಿ ಐದು ಲೇಖನಗಳಲ್ಲಿ ಅದನ್ನು ಬಿಡಿಸಿದರು. ಸಾಂದ್ರ ಪದರದಲ್ಲಿ ಬೆಳಕಿನ ನಡೆ ನಿಧಾನ, ವಿರಳ ಪದರದಲ್ಲಿ ಚುರುಕು. ಆದುದರಿಂದ ಸಮತಲವಾಗಿ ಒಳಹೊಕ್ಕ ಬೆಳಕಿನ ಅಲೆ ಹೊರಬರುವಾಗ ಏರುತಗ್ಗಾಗಿರುತ್ತದೆ. ಇಷ್ಟು ಸರಳವಾದ ಎಣಿಕೆಯಿಂದ ಪ್ರತಿಯೊಂದು ಕಿರಣದ ಪ್ರಕಾಶವನ್ನೂ ಲೆಕ್ಕಹಾಕುವುದು ಸಾಧ್ಯವಾಯಿತು. ಲೇಖನಗಳು ಬೆಳಕು ಕಂಡದ್ದು, ರಾಮನ್ನರೇ 1934ರಲ್ಲಿ ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ.

ಕಲಹಗಳಿದ್ದುದು ಸುಳ್ಳಲ್ಲ. ಆಡಳಿತ ಮಂಡಳಿಯೊಡನೆ ವಿರಸ ಬೆಳೆದು 1937ರಲ್ಲಿ ಅವರು ನಿರ್ದೇಶಕ ಸ್ಥಾನವನ್ನು ಬಿಟ್ಟರು. 1948ರವರೆಗೆ ಪ್ರಾಧ್ಯಾಪಕರಾಗಿಯೇ ಉಳಿದರು. ಸ್ಫಟಿಕಗಳ ಕಂಪನವನ್ನು ಕುರಿತು ಮ್ಯಾಕ್ಸ್ ಬಾರ್ನರೊಡನೆ ನಡೆದ ದೀರ್ಘವಾದದಲ್ಲಿ ವಿಜ್ಞಾನಲೋಕ ಬಾರ್ನರ ಪಕ್ಷವನ್ನೇ ಎತ್ತಿಹಿಡಿಯಿತು; ರಾಮನ್ನರು ಮಣಿಯಲಿಲ್ಲ. ಆದರೂ ಅವರ ಕಣ್ಣು ಬಣ್ಣಗಳಿಂದ ಕದಲಲಿಲ್ಲ. 1948ರಲ್ಲಿ ಆರಂಭವಾದ ತಮ್ಮ ಸಂಶೋಧನಾಲಯದಲ್ಲಿ ಅವರು ಪೊಟಾಸಿಯಮ್ ಕ್ಲೋರೇಟಿನ ಹೊಳೆಯುವ ಹರಳುಗಳನ್ನು ಪರೀಕ್ಷಿಸಿದರು. ಸಮಾನ ದಪ್ಪದ ತೆಳುಪದರಗಳು ಒಂದರ ಮೇಲೊಂದು ಕೂಡಿರುವುದರಿಂದ ಆ ಹರಳು ಹೆಚ್ಚುಕಡಮೆ ಒಂದೇ ಬಣ್ಣವನ್ನು ಆರಿಸಿ ಹಿಂದಿರುಗಿಸುತ್ತದೆ. ಅದು ನಿಸರ್ಗವೇ ಮಾಡಿದ ಕನ್ನಡಿ, ನಿಸರ್ಗವೇ ಮಾಡಿದ ಸೋಸುಕ. ಲೇಸರಿನೊಳಗಿನ ಪದರಗನ್ನಡಿಗಳೂ, ಗ್ರೇಟಿಂಗಿನ ಗೆರೆಗಳಲ್ಲಿ ಒಂದೇ ಬಣ್ಣವನ್ನು ಅನುರಣನಗೊಳಿಸಿ ಹಿಂದಿರುಗಿಸುವ ಇಂದಿನ ಕನ್ನಡಿಗಳೂ ಇದೇ ಕುಲಕ್ಕೆ ಸೇರಿದವು.

1960ರಲ್ಲಿ ಮೊದಲ ಲೇಸರ್ ಬೆಳಗಿದಾಗ ರಾಮನ್ನರಿಗೆ 71 ವರ್ಷ. ಧ್ವನಿಯ ಗ್ರೇಟಿಂಗಿಗೆ ಆಗ ಹೊಸ ಬಾಳು ಬಂದಿತು. ಲೇಸರಿನೊಳಗೆ ಧ್ವನಿ ಹಾಯಿಸಿ ಬೆಳಕನ್ನು ತಡೆದು, ಧ್ವನಿ ನಿಲ್ಲಿಸಿದೊಡನೆ ಕೂಡಿಟ್ಟ ಶಕ್ತಿಯನ್ನೆಲ್ಲ ಒಂದೇ ಮಿಂಚಾಗಿ ಹೊರಡಿಸಬಹುದು; ಧ್ವನಿಯ ಕಂಪನವನ್ನು ಬದಲಿಸಿ ಬೇಕಾದ ಬಣ್ಣವನ್ನು ಸೋಸಿಕೊಳ್ಳಬಹುದು.

1970ರ ನವೆಂಬರ್ 21ರಂದು ರಾಮನ್ನರು ತೀರಿಕೊಂಡರು. ಅವರ ಇಚ್ಛೆಯಂತೆ ಸಂಶೋಧನಾಲಯದ ತೋಟದಲ್ಲಿಯೇ ಅಂತ್ಯಸಂಸ್ಕಾರವಾಯಿತು. ನೊಬೆಲ್ ತಂದ ಪರಿಣಾಮಕ್ಕೆ ಅವರೊಬ್ಬರದೇ ಹೆಸರು. ಬೆಂಗಳೂರಿನಲ್ಲಿ ಹುಟ್ಟಿದ ಸಿದ್ಧಾಂತವನ್ನಾದರೋ ಲೋಕದ ಪಠ್ಯಗ್ರಂಥಗಳು ರಾಮನ್-ನಾಥ್ ಸಿದ್ಧಾಂತವೆಂದು ಕರೆಯುತ್ತವೆ. ಗುರುವಿನ ಪಕ್ಕದಲ್ಲಿ ಕಿರಿಯನ ಹೆಸರೂ ನಿಂತಿರುವುದು ಆ ವರ್ಷಗಳಿಗೆ ಸಂದ ಮನ್ನಣೆ.