ರಾಜಕುಮಾರ ಲಿಯೋಪೋಲ್ಡ್

ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಆಕೆಯ ಒಂಬತ್ತು ಮಕ್ಕಳಲ್ಲಿ ಎಂಟನೆಯವನಾದ ಲಿಯೋಪೋಲ್ಡನ ಹೆಸರನ್ನು ಕೇಳಿದವರೂ ಅಷ್ಟೇ ವಿರಳ. ಅವನು ರಾಜ್ಯವಾಳಲಿಲ್ಲ, ಯುದ್ಧಕ್ಕೆ ಹೋಗಲಿಲ್ಲ. ಓದಬೇಕೆಂದು ಹಟ ಹಿಡಿದು ಗೆದ್ದನು. ನಾನು ಅವನ ವಿಚಾರ ಬರೆಯಹೊರಟಿರುವುದು ಆ ಹಟಕ್ಕಾಗಿಯೇ.

ಅವನು ಹುಟ್ಟಿದ್ದು 1853ರ ಏಪ್ರಿಲ್ 7ರಂದು. ನಡೆಯಲು ಕಲಿಯುವ ಮಗು ಬೀಳುವುದು ಸಹಜ. ಆದರೆ ಈ ಮಗು ಬಿದ್ದರೆ ಮೈ ಕಪ್ಪುಗಟ್ಟಿ ಊದಿಕೊಳ್ಳುತ್ತಿತ್ತು. ವೈದ್ಯರು ಇದನ್ನು ಹೀಮೋಫಿಲಿಯ ಎಂದು ಗುರುತಿಸಿದರು. ಕನ್ನಡದಲ್ಲಿ ಇದಕ್ಕೆ ಕುಸುಮರೋಗವೆಂಬ ಚೆಲುವಾದ ಹೆಸರಿದೆ. ರೋಗ ಮಾತ್ರ ಕ್ರೂರವಾದುದು. ರಕ್ತವು ಹೆಪ್ಪುಗಟ್ಟಲು ಬೇಕಾದ ಅಂಶವೊಂದು ದೇಹದಲ್ಲಿ ಸಾಕಷ್ಟು ಇರುವುದಿಲ್ಲ. ಹೊರಗಿನ ಗಾಯಕ್ಕಿಂತಲೂ ಮೊಣಕಾಲು, ಮೊಣಕೈಗಳ ಕೀಲಿನೊಳಗೆ ರಕ್ತ ಸೋರಿ ನಿಲ್ಲುವುದೇ ಹೆಚ್ಚಿನ ಯಾತನೆ. ಸಾಮಾನ್ಯವಾಗಿ ಇದು ತಾಯಿಯ ಮೂಲಕ ಗಂಡುಮಕ್ಕಳಿಗೆ ಇಳಿಯುತ್ತದೆ. ಲಿಯೋಪೋಲ್ಡನಿಗೂ ಅದು ರಾಣಿಯಿಂದಲೇ ಬಂದಿತ್ತು.

1861ರ ಚಳಿಗಾಲದಲ್ಲಿ ಆರೋಗ್ಯಕ್ಕೆಂದು ಅವನನ್ನು ಫ್ರಾನ್ಸಿನ ಕಾನ್ ಪಟ್ಟಣಕ್ಕೆ ಕಳುಹಿಸಿದರು. ಎಂಟು ವರ್ಷದ ಹುಡುಗ ಅಲ್ಲಿರುವಾಗಲೇ ಡಿಸೆಂಬರ್ 14ರಂದು ಇತ್ತ ತಂದೆ ಆಲ್ಬರ್ಟ್ ತೀರಿಕೊಂಡನು. ವಿಧವೆಯಾದ ರಾಣಿ ಈ ಮಗನನ್ನು ಕಣ್ಣಳತೆಯಲ್ಲೇ ಇಟ್ಟುಕೊಂಡಳು. ಅಣ್ಣಂದಿರು ಸೈನ್ಯ, ನೌಕಾದಳಗಳಿಗೆ ಸೇರಿದರೆ ಇವನಿಗೆ ಹಾಸಿಗೆ, ಪುಸ್ತಕ, ಸಂಗೀತಗಳೇ ಸಂಗಾತಿಗಳಾದವು. ಆಡಲು ಬಿಡದ ಕಾರಣ ಓದಿದನೋ, ಓದಿನಲ್ಲೇ ರುಚಿ ಹುಟ್ಟಿತೋ, ಅಂತೂ ಬುದ್ಧಿ ಚುರುಕಾಗಿ ಬೆಳೆಯಿತು.

ವಿಶ್ವವಿದ್ಯಾನಿಲಯಕ್ಕೆ ಹೋಗುತ್ತೇನೆಂದು ಅವನು ಕೇಳಿದಾಗ ತಾಯಿ ಸುಲಭವಾಗಿ ಒಪ್ಪಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನಗೆ ಅಡ್ಡ ಬಂದದ್ದು ಫೀಜಿನ ಹಣ. ಹಣಕ್ಕೆ ಕೊರತೆಯೇ ಇಲ್ಲದ ಅವನಿಗೆ ಅಡ್ಡ ಬಂದದ್ದು ತಾಯಿಯ ಅಕ್ಕರೆ. ಸಾಲ ಮಾಡಿ ಹಣ ಹೊಂದಿಸಬಹುದು, ಅಕ್ಕರೆಯನ್ನು ಎದುರಿಸುವುದು ಹೇಗೆ? ಅವನು ಬಿಡದೆ ಕೇಳಿದನು. ಕಡೆಗೆ 1872ರಲ್ಲಿ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜನ್ನು ಸೇರಿದನು. ಇತರ ವಿದ್ಯಾರ್ಥಿಗಳೊಡನೆ ಹಾಸ್ಟೆಲಿನ ವಾಸವಿಲ್ಲ, ಬೇರೆ ಮನೆ; ಜೊತೆಗೆ ರಾಬರ್ಟ್ ಕಾಲಿನ್ಸ್ ಎಂಬ ಉಪಾಧ್ಯಾಯ. ಹಾಗಿದ್ದರೂ ಅಲ್ಲಿ ಸ್ನೇಹಿತರು ದೊರೆತರು, ರಸ್ಕಿನ್ನನ ಕಲೋಪನ್ಯಾಸಗಳು ದೊರೆತವು. ವಿಶ್ವವಿದ್ಯಾನಿಲಯದ ಚದುರಂಗ ಸಂಘಕ್ಕೆ ಅಧ್ಯಕ್ಷನೂ ಆದನು. ಬೀಳುವ ಭಯವಿಲ್ಲದ ಆಟ! ನಡುನಡುವೆ ರೋಗ ಕೆಡವುತ್ತಿತ್ತು. ಎದ್ದು ಮತ್ತೆ ಬರುತ್ತಿದ್ದನು. 1876ರಲ್ಲಿ ವಿಶ್ವವಿದ್ಯಾನಿಲಯವು ಅವನಿಗೆ ಗೌರವ ಡಾಕ್ಟರೇಟ್ ನೀಡಿತು.

ಆಮೇಲೆ ತಾಯಿಗೆ ಕಾರ್ಯದರ್ಶಿಯಂತೆ ದುಡಿದನು. ವಸಾಹತೊಂದರ ಗವರ್ನರ್ ಆಗಬೇಕೆಂಬ ಅವನ ಆಸೆಗೆ ರಾಣಿ ಒಪ್ಪಲಿಲ್ಲ. ರಾಣಿಯ ಭಯ ನಿರಾಧಾರವಾಗಿರಲಿಲ್ಲ. ಆಕೆಯ ಮಗಳು ಆಲಿಸಳ ಪುಟ್ಟ ಮಗ ಇದೇ ರೋಗವಿದ್ದು 1873ರಲ್ಲಿ ಕಿಟಕಿಯಿಂದ ಬಿದ್ದು ಸತ್ತಿದ್ದನು. ಆದರೂ ಮಗನ ಬಾಳಿನ ಬಾಗಿಲುಗಳನ್ನೆಲ್ಲ ಮುಚ್ಚಿದ್ದು ನ್ಯಾಯವೆಂದು ನನಗೆ ತೋರುವುದಿಲ್ಲ.

1882ರಲ್ಲಿ ಜರ್ಮನಿಯ ಹೆಲೆನಾ ರಾಜಕುಮಾರಿಯನ್ನು ವರಿಸಿದನು. ಮರುವರ್ಷ ಮಗಳು ಹುಟ್ಟಿದಳು. ಅವಳಿಗೆ ಅಕ್ಕ ಆಲಿಸಳ ಹೆಸರನ್ನೇ ಇಟ್ಟರು. ಸಂಸಾರಸುಖ ಎರಡು ವರ್ಷವೂ ತುಂಬಲಿಲ್ಲ. 1884ರ ಮಾರ್ಚಿನಲ್ಲಿ, ಬಾಲ್ಯದಲ್ಲಿ ತಂದೆಯ ಮರಣವಾರ್ತೆ ಕೇಳಿದ ಅದೇ ಕಾನ್ ಪಟ್ಟಣದಲ್ಲಿ, ಜಾರಿ ಬಿದ್ದು ಮೊಣಕಾಲಿಗೆ ಪೆಟ್ಟಾಯಿತು. 28ರ ನಸುಕಿನಲ್ಲಿ ಪ್ರಾಣ ಹೋಯಿತು. 31 ತುಂಬಲು ಇನ್ನು ಹತ್ತು ದಿನವಿತ್ತು. ಬಸುರಿ ಹೆಂಡತಿ ಜುಲೈನಲ್ಲಿ ಗಂಡುಮಗುವನ್ನು ಹೆತ್ತಳು.

ತಂದೆಯಿಂದ ಈ ರೋಗ ಗಂಡುಮಗನಿಗೆ ಬರುವುದಿಲ್ಲ. ಹೆಣ್ಣುಮಕ್ಕಳೆಲ್ಲರೂ ಅದನ್ನು ಹೊತ್ತೇ ಹುಟ್ಟುತ್ತಾರೆ. ಮಗ ಚಾರ್ಲ್ಸ್ ಎಡ್ವರ್ಡ್ ಪಾರಾದನು. ಮಗಳು ಆಲಿಸ್ 97 ವರ್ಷ ಬಾಳಿ 1981ರಲ್ಲಿ ತೀರಿಕೊಂಡಳು. ಆದರೆ ಅವಳ ಮಗ ರೂಪರ್ಟನು ಅಜ್ಜನ ರೋಗವನ್ನು ಪಡೆದು ಹುಟ್ಟಿದ್ದನು. 1928ರಲ್ಲಿ ಫ್ರಾನ್ಸಿನಲ್ಲಿ ಕಾರು ಅಪಘಾತವಾಗಿ ಸತ್ತಾಗ ಅವನಿಗೆ 20 ವರ್ಷ.