ಟಿಪ್ಪು ಸುಲ್ತಾನ್: ರಕ್ಷಣೆಯ ಹೆಸರಿನ ಯುದ್ಧಗಳ ನಡುವೆ ಒಂದು ಬದುಕು

ಮೈಸೂರು ಹುಲಿ ಎಂದು ಹೆಸರಾದ ಟಿಪ್ಪು ಸುಲ್ತಾನರ ಶೌರ್ಯದ ಕಥೆಗಳನ್ನು ನಮ್ಮ ಮಕ್ಕಳು ಚಿಕ್ಕಂದಿನಿಂದಲೇ ಕೇಳಿರುತ್ತಾರೆ. ಅವರ ರಾಕೆಟ್ ಪಡೆ, ರೇಷ್ಮೆ ಉದ್ಯಮಕ್ಕೆ ಕೊಟ್ಟ ಪ್ರೋತ್ಸಾಹ, ಮಸ್ಕತ್‌ವರೆಗೆ ಹಬ್ಬಿಸಿದ ವ್ಯಾಪಾರ ಇವೆಲ್ಲ ಪಾಠಪುಸ್ತಕಗಳಲ್ಲೂ ಭಾಷಣಗಳಲ್ಲೂ ಬರುತ್ತವೆ. ಆದರೆ ಅವರ ಜೀವನವನ್ನು ಇನ್ನೊಂದು ಪ್ರಶ್ನೆಯ ಬೆಳಕಿನಲ್ಲಿ ನೋಡುವುದೂ ಅಗತ್ಯ. ಅವರು ಕಂಡ ನಾಲ್ಕು ಮೈಸೂರು ಯುದ್ಧಗಳಿಗೆ ಸಂಬಂಧಿಸಿದ ಪತ್ರವ್ಯವಹಾರದಲ್ಲಿ ಒಂದು ಕಾರಣ ಮತ್ತೆ ಮತ್ತೆ ಕಾಣುತ್ತದೆ. ಅದೇ ರಾಜ್ಯದ ರಕ್ಷಣೆ. ಈಸ್ಟ್ ಇಂಡಿಯಾ ಕಂಪನಿಯೂ ಆ ಕಾರಣವನ್ನು ಹೇಳಿತು, ಮೈಸೂರೂ ಹೇಳಿತು. ಯಾರ ಭಯ ನಿಜವಾಗಿತ್ತು, ಯಾರದು ನೆಪವಾಗಿತ್ತು ಎಂಬುದನ್ನು ತಿಳಿಯದೆ ಸುಲ್ತಾನರ ಬದುಕು ಪೂರ್ತಿ ಅರ್ಥವಾಗದು.

ಬಾಲ್ಯ ಮತ್ತು ಮೊದಲ ಪಾಠ

ಟಿಪ್ಪು ಹುಟ್ಟಿದ್ದು 1750ರ ನವೆಂಬರ್ 20ರಂದು, ಇಂದು ಬೆಂಗಳೂರಿನ ವಿಮಾನ ನಿಲ್ದಾಣದ ಪಕ್ಕದಲ್ಲಿರುವ ದೇವನಹಳ್ಳಿಯಲ್ಲಿ. ತಂದೆ ಹೈದರ್ ಅಲಿ ಆಗ ಮೈಸೂರು ಒಡೆಯರ ಸೈನ್ಯದಲ್ಲಿ ಮೇಲೇರುತ್ತಿದ್ದ ಅಧಿಕಾರಿ. ತಾಯಿ ಫಾತಿಮಾ ಫಖ್ರುನ್ನಿಸಾ. ಆರ್ಕಾಟಿನ ಸೂಫಿ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ಹೆಸರನ್ನೇ ಮಗನಿಗೆ ಇಟ್ಟರು. ಸ್ವತಃ ಓದುಬರಹ ಕಲಿಯದ ಹೈದರ್ ಮಗನಿಗೆ ಮಾತ್ರ ಒಳ್ಳೆಯ ಉಸ್ತಾದರನ್ನು ನೇಮಿಸಿ ವಿದ್ಯೆ ಕೊಡಿಸಿದರು. ಈ ಒಂದು ಸಂಗತಿಯನ್ನು ನಮ್ಮ ಪೋಷಕರು ನೆನಪಿಡಬೇಕು.

ಮೊದಲ ಮೈಸೂರು ಯುದ್ಧದ (1767–69) ಹೊತ್ತಿಗೆ ಟಿಪ್ಪು ಇನ್ನೂ ಹದಿಹರೆಯದ ಹುಡುಗ. ಆಗಲೇ ಕುದುರೆ ಪಡೆಯೊಂದಿಗೆ ಮದ್ರಾಸಿನ ಹೊರವಲಯದವರೆಗೆ ಹೋಗಿ ಬಂದರು. 1769ರ ಏಪ್ರಿಲ್‌ನಲ್ಲಿ ಮದ್ರಾಸು ಒಪ್ಪಂದವಾಯಿತು. ಒಬ್ಬರ ಮೇಲೆ ಬೇರೆಯವರು ದಾಳಿ ಮಾಡಿದರೆ ಇನ್ನೊಬ್ಬರು ನೆರವಿಗೆ ಬರಬೇಕೆಂಬುದು ಅದರ ಮುಖ್ಯ ಅಂಶ. ಎರಡು ವರ್ಷವೂ ಕಳೆಯುವ ಮುನ್ನ ಮರಾಠರು ಮೈಸೂರಿನ ಮೇಲೆ ಬಿದ್ದರು. 1771ರಲ್ಲಿ ಚಿನಕುರಳಿಯಲ್ಲಿ ಹೈದರ್ ಸೋತರು. ಕಂಪನಿಯ ನೆರವು ಬರಲೇ ಇಲ್ಲ. ಕಾಗದದ ಮೇಲಿನ ರಕ್ಷಣೆಯನ್ನು ನಂಬಿ ಕೂರುವಂತಿಲ್ಲ ಎಂಬ ಪಾಠವನ್ನು ತಂದೆ ಮಗ ಇಬ್ಬರೂ ಕಲಿತರು. ಮುಂದೆ ಟಿಪ್ಪು ಕೈಗೊಂಡ ಅನೇಕ ನಿರ್ಧಾರಗಳ ಬೇರು ಇಲ್ಲಿದೆ.

ಅನುಮಾನದ ಬೆಲೆ

1779ರಲ್ಲಿ ಕಂಪನಿ ಫ್ರೆಂಚರ ಮಾಹೆ ಬಂದರನ್ನು ವಶಪಡಿಸಿಕೊಂಡಿತು. ಮೈಸೂರಿಗೆ ಯುದ್ಧ ಸಾಮಗ್ರಿ ಬರುತ್ತಿದ್ದುದು ಆ ಬಂದರಿನಿಂದ. ಅದು ತಮ್ಮ ರಕ್ಷಣೆಯಲ್ಲಿದೆ ಎಂದು ಹೈದರ್ ಮೊದಲೇ ಎಚ್ಚರಿಸಿದ್ದರು. ಹೀಗೆ 1780ರಲ್ಲಿ ಎರಡನೆಯ ಯುದ್ಧ ಆರಂಭವಾಯಿತು. ಅದೇ ವರ್ಷ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕಂಪನಿಯ ಪಡೆ ನುಚ್ಚುನೂರಾಯಿತು. 1782ರ ಡಿಸೆಂಬರ್ 7ರಂದು ಹೈದರ್ ತೀರಿಕೊಂಡರು. ಯುದ್ಧದ ನಡುವೆಯೇ ಅಧಿಕಾರ ವಹಿಸಿಕೊಂಡ ಟಿಪ್ಪು 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಲ್ಲಿ ಕಂಪನಿಯನ್ನು ಸರಿಸಮಾನವಾಗಿ ಎದುರು ಕೂರಿಸಿದರು.

ಈ ವಿಜಯದ ಬೆನ್ನಿಗೇ ನಡೆದ ಒಂದು ಘಟನೆಯನ್ನು ನಾವು ಬಿಟ್ಟು ಓದಬಾರದು. ಯುದ್ಧದಲ್ಲಿ ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಕಾರಣಕ್ಕೆ ಕೆನರಾ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲು ಸುಲ್ತಾನರು 1784ರಲ್ಲಿ ಆಜ್ಞೆ ಮಾಡಿದರು. ಕೆಲವರು ಸಹಾಯ ಮಾಡಿದ್ದು ನಿಜವಿರಬಹುದು. ಆದರೆ ಶಿಕ್ಷೆಯಾದದ್ದು ಹೆಂಗಸರು ಮಕ್ಕಳೂ ಸೇರಿ ಸಾವಿರಾರು ಜನರಿಗೆ. ಅನೇಕರು ದಾರಿಯಲ್ಲೂ ಸೆರೆಯಲ್ಲೂ ಸತ್ತರು. ಉಳಿದವರು ಊರಿಗೆ ಮರಳಿದ್ದು 1799ರ ನಂತರ. ರಾಜ್ಯದ ಭದ್ರತೆ ಎಂಬ ಕಾರಣ ಹೊರಗಿನ ವೈರಿಯ ಮೇಲೆ ಮಾತ್ರವಲ್ಲ, ಒಳಗಿನ ಪ್ರಜೆಯ ಮೇಲೂ ತಿರುಗಬಲ್ಲದು. ಕೆಲವರ ಮೇಲಿನ ಸಂಶಯಕ್ಕೆ ಇಡೀ ಸಮುದಾಯ ಬೆಲೆ ತೆರುವುದು ಅನ್ಯಾಯ. ಮಾಡಿದವರು ನಾವು ಪ್ರೀತಿಸುವ ಅರಸರು ಎಂಬುದರಿಂದ ಅದು ನ್ಯಾಯವಾಗದು.

ಎರಡೂ ಕಡೆಯ ಭಯ

1784ರಲ್ಲೇ ಲಂಡನ್ನಿನ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿತು. ಅದನ್ನು ಪಿಟ್‌ನ ಇಂಡಿಯಾ ಕಾಯ್ದೆ ಎನ್ನುತ್ತಾರೆ. ಭಾರತದಲ್ಲಿ ರಾಜ್ಯ ವಿಸ್ತರಿಸುವ ಯೋಜನೆಗಳು ಬ್ರಿಟನ್ನಿನ ಗೌರವಕ್ಕೆ ತಕ್ಕವಲ್ಲ ಎಂದು ಅದು ಸಾರಿತು. ಲಂಡನ್ನಿನ ಅಪ್ಪಣೆಯಿಲ್ಲದೆ ಗವರ್ನರ್ ಜನರಲ್ ಯುದ್ಧ ಹೂಡುವಂತಿರಲಿಲ್ಲ. ಆದರೆ ಶತ್ರು ಈಗಾಗಲೇ ಯುದ್ಧ ಆರಂಭಿಸಿದ್ದರೆ ಅಥವಾ ಅದಕ್ಕೆ ಸಿದ್ಧತೆ ನಡೆಸಿದ್ದರೆ ಅದಕ್ಕೆ ವಿನಾಯಿತಿ ಇತ್ತು. ಇದು ಒಳ್ಳೆಯ ಉದ್ದೇಶದ ಕಾನೂನು. ಆದರೆ ಇದರಿಂದ ಒಂದು ಬಾಗಿಲೂ ತೆರೆಯಿತು. ಯುದ್ಧ ಬೇಕೆನ್ನುವ ಅಧಿಕಾರಿ ಎದುರಾಳಿಯ ಸಿದ್ಧತೆಗೆ ಪುರಾವೆ ತೋರಿಸಿದರೆ ಸಾಕಾಗಿತ್ತು.

1789ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಹೈದರಾಬಾದಿನ ನಿಜಾಮನಿಗೆ ಪತ್ರ ಬರೆದು ಸೈನ್ಯದ ನೆರವಿನ ಭರವಸೆ ಕೊಟ್ಟನು. ಆ ಸೈನ್ಯವನ್ನು ಯಾರ ಮೇಲೆ ಬಳಸಬಾರದು ಎಂಬ ಪಟ್ಟಿಯಲ್ಲಿ ಕಂಪನಿಯ ಮಿತ್ರರ ಹೆಸರುಗಳಿದ್ದವು, ಟಿಪ್ಪುವಿನ ಹೆಸರು ಇರಲಿಲ್ಲ. ಅದರ ಅರ್ಥ ಸುಲ್ತಾನರಿಗೆ ತಿಳಿಯದೆ ಇರಲಿಲ್ಲ. ಅದೇ ವರ್ಷ ತಿರುವಾಂಕೂರಿನ ರಾಜರು ಡಚ್ಚರಿಂದ ಕೊಡುಂಗಲ್ಲೂರು ಮತ್ತು ಆಯಕೋಟೆಗಳನ್ನು ಕೊಂಡರು. ಆ ನೆಲ ತಮಗೆ ಕಪ್ಪ ಕೊಡುವ ಕೊಚ್ಚಿ ರಾಜ್ಯಕ್ಕೆ ಸೇರಿದ್ದು ಎಂಬುದು ಟಿಪ್ಪುವಿನ ವಾದ. ಮಲಬಾರಿನಲ್ಲಿ ತಮ್ಮ ವಿರುದ್ಧ ದಂಗೆಯೆದ್ದವರಿಗೆ ತಿರುವಾಂಕೂರು ಆಶ್ರಯ ಕೊಡುತ್ತಿದೆ ಎಂಬುದು ಇನ್ನೊಂದು ದೂರು. 1789ರ ಡಿಸೆಂಬರ್ 29ರಂದು ತಿರುವಾಂಕೂರಿನ ರಕ್ಷಣಾ ಗೋಡೆಯ ಬಳಿ ಮೈಸೂರು ಪಡೆ ಹಿಮ್ಮೆಟ್ಟಬೇಕಾಯಿತು. 1790ರ ಏಪ್ರಿಲ್‌ನಲ್ಲಿ ಗೋಡೆ ಒಡೆಯಿತು. ತಿರುವಾಂಕೂರು ಕಂಪನಿಯ ಮಿತ್ರರಾಜ್ಯ. ಕಾರ್ನ್‌ವಾಲಿಸನಿಗೆ ಬೇಕಿದ್ದ ಕಾರಣ ಸಿಕ್ಕಿತು. ಗಡಿಯಾಚೆಯ ಅಪಾಯವನ್ನು ಗಡಿಯಾಚೆಯೇ ಮುಗಿಸುವೆನೆಂದು ಹೋದ ಸುಲ್ತಾನರು ಕಂಪನಿ, ನಿಜಾಮ, ಮರಾಠ ಮೂವರನ್ನೂ ಒಟ್ಟಿಗೆ ಎದುರು ಹಾಕಿಕೊಂಡರು.

ಈ ಯುದ್ಧ ನಮ್ಮ ಊರುಗಳ ಮೇಲೆಯೇ ಹಾದುಹೋಯಿತು. 1791ರ ಆರಂಭದಲ್ಲಿ ಕಾರ್ನ್‌ವಾಲಿಸನ ದಂಡು ಕೋಲಾರದ ಮೂಲಕ, ವೈಟ್‌ಫೀಲ್ಡಿನ ಆಚೆಗಿರುವ ಹೊಸಕೋಟೆಯ ಮೂಲಕ ಬೆಂಗಳೂರಿಗೆ ಬಂದಿತು. ಮಾರ್ಚ್ 7ರಂದು ಪೇಟೆ ಬಿತ್ತು. ಮಾರ್ಚ್ 21ರ ರಾತ್ರಿ ಕೋಟೆ ಬಿತ್ತು. ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಪ್ರಾಣ ಬಿಟ್ಟರು. ಕಂಪನಿಯ ಮಿತ್ರರಾಗಿ ಬಂದಿದ್ದ ಮರಾಠರ ದಂಡಿನ ಲೂಟಿಕೋರರು ಅದೇ ವರ್ಷ ಶೃಂಗೇರಿ ಮಠವನ್ನು ದೋಚಿದರು. ತಿರುವಾಂಕೂರಿನ ಗೋಡೆಗೂ ಶೃಂಗೇರಿಯ ಮಠಕ್ಕೂ ಏನು ಸಂಬಂಧ? ಯುದ್ಧ ಒಮ್ಮೆ ಹೊರಟರೆ ಹೇಳಿದ ಕಾರಣದ ಎಲ್ಲೆಯಲ್ಲಿ ನಿಲ್ಲುವುದಿಲ್ಲ. ಟಿಪ್ಪು ಶೃಂಗೇರಿಯ ಸ್ವಾಮಿಗಳಿಗೆ ಗೌರವದ ಪತ್ರ ಬರೆದು, ಶಾರದಾ ದೇವಿಯ ಪುನಃ ಪ್ರತಿಷ್ಠೆಗೆ ನೆರವು ಕೊಡಿಸಿದರು. ಆ ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು.

1792ರ ಮಾರ್ಚ್‌ನ ಶ್ರೀರಂಗಪಟ್ಟಣ ಒಪ್ಪಂದದಿಂದ ಸುಲ್ತಾನರು ಅರ್ಧ ರಾಜ್ಯವನ್ನು ಕಳೆದುಕೊಂಡರು. 3 ಕೋಟಿ 30 ಲಕ್ಷ ರೂಪಾಯಿ ದಂಡ ತೆರಬೇಕಾಯಿತು. ಇಬ್ಬರು ಎಳೆಯ ಮಕ್ಕಳನ್ನು ಒತ್ತೆ ಇಡಬೇಕಾಯಿತು. ಮಕ್ಕಳು ತಂದೆಯ ಬಳಿಗೆ ಮರಳಿದ್ದು 1794ರಲ್ಲಿ.

ಒಂದು ಪ್ರಕಟಣೆ, ನೂರು ಜನ

ಮತ್ತೊಂದು ಯುದ್ಧ ಬಂದರೆ ಉಳಿದ ಅರ್ಧವೂ ಹೋಗುತ್ತದೆಂದು ತಿಳಿದಿದ್ದ ಟಿಪ್ಪು ಹೊರಗೆ ಮಿತ್ರರನ್ನು ಹುಡುಕಿದರು. 1797ರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕನು ಮಂಗಳೂರಿಗೆ ಬಂದು, ಮಾರಿಷಸ್‌ನಲ್ಲಿ ದೊಡ್ಡ ಸೈನ್ಯ ಸಿದ್ಧವಿದೆ ಎಂದು ನಂಬಿಸಿದನು. ಸುಲ್ತಾನರ ಆಸ್ಥಾನದಲ್ಲೇ ಕೆಲವರು ಇವನನ್ನು ನಂಬಬೇಡಿ ಎಂದಿದ್ದರು. ಆದರೂ ಗುಟ್ಟಾಗಿ ದೂತರನ್ನು ಕಳುಹಿಸಲಾಯಿತು. ಅಲ್ಲಿ ಕೊಡಲು ಸೈನ್ಯವೇ ಇರಲಿಲ್ಲ. ಗವರ್ನರ್ ಮಲಾರ್ಟಿಕ್ 1798ರ ಜನವರಿ 30ರಂದು ಬಹಿರಂಗ ಪ್ರಕಟಣೆ ಹೊರಡಿಸಿ, ಟಿಪ್ಪುವಿನ ಪರ ಇಂಗ್ಲಿಷರ ವಿರುದ್ಧ ಹೋರಾಡಲು ಸ್ವಯಂಸೇವಕರನ್ನು ಕರೆದನು. ಗುಟ್ಟು ರಟ್ಟಾಯಿತು. ಏಪ್ರಿಲ್ ಕೊನೆಯಲ್ಲಿ ಮಂಗಳೂರಿನಲ್ಲಿ ಇಳಿದವರು ಸುಮಾರು 100 ಜನ.

ಆ ಪ್ರಕಟಣೆ ಜೂನ್‌ನಲ್ಲಿ ಕಲ್ಕತ್ತೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಗವರ್ನರ್ ಜನರಲ್ ಆಗಿ ಮೇ ತಿಂಗಳಲ್ಲಷ್ಟೇ ಬಂದಿದ್ದ ಮಾರ್ನಿಂಗ್‌ಟನ್ ಅದನ್ನು ಓದಿದನು. ಮುಂದೆ ವೆಲ್ಲೆಸ್ಲಿ ಎಂದು ಹೆಸರಾದವನು ಇವನೇ. 1784ರ ಕಾಯ್ದೆ ಕೇಳುತ್ತಿದ್ದ ಸಿದ್ಧತೆಯ ಪುರಾವೆ ಅವನ ಕೈಯಲ್ಲಿತ್ತು. ಮದ್ರಾಸು ಸರ್ಕಾರದ ಕಾರ್ಯದರ್ಶಿ ಜೋಸಯಾ ವೆಬ್ ಹಣವೂ ಇಲ್ಲ, ಸೈನ್ಯವೂ ಸಿದ್ಧವಿಲ್ಲ ಎಂದು ಯುದ್ಧವನ್ನು ವಿರೋಧಿಸಿದನು. ಅವನ ಮಾತು ನಡೆಯಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಕಂಪನಿಯ ಭಯ ಪೂರ್ತಿ ಕಟ್ಟುಕಥೆಯಲ್ಲ. ಸುಲ್ತಾನರು ಫ್ರೆಂಚರ ನೆರವು ಕೇಳಿದ್ದು ನಿಜ. 1798ರ ಜುಲೈನಲ್ಲಿ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದದ್ದೂ ನಿಜ. ಆದರೆ ಆಗಸ್ಟ್ 1ರಂದು ನೈಲ್ ನದಿಯ ಮುಖದಲ್ಲಿ ನೆಲ್ಸನ್ ಫ್ರೆಂಚ್ ನೌಕಾಪಡೆಯನ್ನು ನಾಶ ಮಾಡಿದನು. ಈ ಸುದ್ದಿ ಅಕ್ಟೋಬರ್ ಹೊತ್ತಿಗೆ ಭಾರತ ತಲುಪಿತು. ಅದೇ ತಿಂಗಳು ಹೈದರಾಬಾದಿನಲ್ಲಿದ್ದ ಫ್ರೆಂಚ್ ಅಧಿಕಾರಿಗಳ ಪಡೆಯನ್ನು ಕಂಪನಿ ನಿಶ್ಶಸ್ತ್ರಗೊಳಿಸಿತು. ಅಪಾಯ ಬಹುಪಾಲು ಇಳಿದಿತ್ತು. ದಂಡಿನ ಸಿದ್ಧತೆ ಮಾತ್ರ ನಿಲ್ಲಲಿಲ್ಲ.

ಕೊನೆಯ ದಿನಗಳು

ನವೆಂಬರ್‌ನಿಂದ ಪತ್ರಗಳು ಓಡಾಡಿದವು. ಹಡಗು ವ್ಯಾಪಾರಿಗಳದು, ಬಂದವರು ಕೆಲವೇ ಜನ ಎಂದು ಸುಲ್ತಾನರು ಉತ್ತರಿಸಿದರು. ಈ ಉತ್ತರದಲ್ಲಿ ಪೂರ್ಣ ಸತ್ಯವಿರಲಿಲ್ಲ. ಕಂಪನಿಯ ದೂತನನ್ನು ಬರಮಾಡಿಕೊಳ್ಳಲು ತಡ ಮಾಡಿದರು. ಒಪ್ಪಿಗೆಯ ಪತ್ರ ತಲುಪುವಷ್ಟರಲ್ಲಿ, 1799ರ ಫೆಬ್ರವರಿ 3ರಂದೇ ಸೈನ್ಯಕ್ಕೆ ಆಜ್ಞೆ ಹೋಗಿತ್ತು. ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಬರೆದ ಪತ್ರ ಇಂಗ್ಲಿಷರ ಕೈಗೆ ಸಿಕ್ಕಿತು. ಅದು ಶ್ರೀರಂಗಪಟ್ಟಣವನ್ನು ಸೇರಲೇ ಇಲ್ಲ.

ಮಾರ್ಚ್‌ನಲ್ಲಿ ಜನರಲ್ ಹ್ಯಾರಿಸನ ದಂಡು ಮೈಸೂರು ಗಡಿ ದಾಟಿತು. ಏಪ್ರಿಲ್‌ನಲ್ಲಿ ಸುಲ್ತಾನರು ಸಂಧಿಯ ಮಾತೆತ್ತಿದಾಗ ಬಂದ ಷರತ್ತುಗಳಿವು: ಉಳಿದ ರಾಜ್ಯದಲ್ಲಿ ಅರ್ಧ, 2 ಕೋಟಿ ರೂಪಾಯಿ, ನಾಲ್ವರು ಮಕ್ಕಳು ಮತ್ತು ನಾಲ್ವರು ಸೇನಾನಿಗಳು ಒತ್ತೆ. ಅವರು ಒಪ್ಪಲಿಲ್ಲ. ಮೇ 4ರ ಮಧ್ಯಾಹ್ನ ಕೋಟೆಯ ಒಡೆದ ಗೋಡೆಯಿಂದ ಸೈನ್ಯ ನುಗ್ಗಿತು. ಸುಲ್ತಾನರು ಸಾಮಾನ್ಯ ಸಿಪಾಯಿಗಳ ನಡುವೆ ಹೋರಾಡಿ ಶಹೀದರಾದರು. ಮರುದಿನ ಗುಂಬಜ್‌ನಲ್ಲಿ ತಂದೆ ತಾಯಿಯ ಪಕ್ಕದಲ್ಲಿ ಅವರ ದಫನವಾಯಿತು.

ಆಮೇಲೆ ನಡೆದದ್ದನ್ನು ಗಮನಿಸಬೇಕು. ಕಂಪನಿ ಕೆನರಾ, ಕೊಯಮತ್ತೂರು, ವಯನಾಡುಗಳನ್ನು ಇಟ್ಟುಕೊಂಡಿತು. ಉಳಿದ ಮೈಸೂರಿಗೆ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಅರಸರನ್ನಾಗಿ ಕೂರಿಸಿ, ವರ್ಷಕ್ಕೆ 7 ಲಕ್ಷ ವರಹಗಳ ಪೊಗದಿ ವಿಧಿಸಿತು. ಸೈನ್ಯವು 10 ಲಕ್ಷ ಪೌಂಡಿಗೂ ಮೀರಿದ ಲೂಟಿಯನ್ನು ಹಂಚಿಕೊಂಡಿತು. ಅರಮನೆಯಲ್ಲಿ ಸಿಕ್ಕ ಕಾಗದಗಳನ್ನು ಅದೇ ವರ್ಷ ಕಲ್ಕತ್ತೆಯಲ್ಲಿ ಅಚ್ಚು ಹಾಕಿಸಲಾಯಿತು. ಮುಗಿದುಹೋದ ಯುದ್ಧಕ್ಕೆ ಕಾರಣ ಸಾಬೀತುಪಡಿಸುವ ಕೆಲಸ ಅದು. ಹೇಳಿದ ಕಾರಣ ಫ್ರೆಂಚರ ಅಪಾಯ, ದಕ್ಕಿದ್ದು ಕರಾವಳಿ ಮತ್ತು ಖಜಾನೆ.

ನಮಗೆ ಉಳಿಯುವ ಪಾಠ

ಇದು ಹಳೆಯ ಕಾಲದ ಮಾತಷ್ಟೇ ಅಲ್ಲ. 1945ರ ವಿಶ್ವಸಂಸ್ಥೆಯ ಸನ್ನದು ಶಸ್ತ್ರದಾಳಿಗೆ ಒಳಗಾದ ದೇಶಕ್ಕೆ ಆತ್ಮರಕ್ಷಣೆಯ ಹಕ್ಕನ್ನು ಒಪ್ಪಿದೆ. 2003ರಲ್ಲಿ ಸಾಮೂಹಿಕ ನಾಶದ ಅಸ್ತ್ರಗಳಿವೆ ಎಂದು ಹೇಳಿ ಅಮೆರಿಕ ಮತ್ತು ಬ್ರಿಟನ್ ಇರಾಕಿನ ಮೇಲೆ ದಾಳಿ ಮಾಡಿದವು. ಆ ಬಳಿಕ ಅಮೆರಿಕದ ತಜ್ಞರೇ ಹುಡುಕಿ, ಅಂಥ ದಾಸ್ತಾನು ಇಲ್ಲವೆಂದು 2004ರಲ್ಲಿ ವರದಿ ಕೊಟ್ಟರು. ಅಷ್ಟರಲ್ಲಿ ಒಂದು ದೇಶವೇ ಒಡೆದುಹೋಗಿತ್ತು.

ಪ್ರಿಯ ವಿದ್ಯಾರ್ಥಿಗಳೇ, ದೇಶವನ್ನು ಕಾಯುವುದು ಪವಿತ್ರ ಕರ್ತವ್ಯ. ಅದರಲ್ಲಿ ಎರಡು ಮಾತಿಲ್ಲ. ಆದರೆ ರಕ್ಷಣೆ ಎಂಬ ಮಾತು ಕೇಳಿದಾಗ ಕೆಲವು ಪ್ರಶ್ನೆಗಳನ್ನು ಕೇಳುವುದೂ ಕರ್ತವ್ಯವೇ. ಅಪಾಯ ಏನು? ಅದನ್ನು ಪರೀಕ್ಷಿಸಿದವರು ಯಾರು? ಅಪಾಯ ಇಳಿದ ಮೇಲೂ ಯುದ್ಧ ಏಕೆ ಮುಂದುವರಿಯುತ್ತಿದೆ? ಲಾಭ ಯಾರಿಗೆ, ನೋವು ಯಾರಿಗೆ? ಸುದ್ದಿಯೊಂದು ಬಂದಾಗ ಅದರ ನಿಜಾಂಶ ತಿಳಿಯದೆ ಯಾರಿಗೂ ಕೇಡು ಮಾಡಬಾರದೆಂದು ಪವಿತ್ರ ಕುರ್‌ಆನ್‌ನ ಸೂರಾ ಹುಜುರಾತ್ ನಮಗೆ ಕಲಿಸುತ್ತದೆ. ರಿಪೋನ ಮಾತಿಗೂ, ಕಲ್ಕತ್ತೆಯ ಪತ್ರಿಕೆಯ ಸುದ್ದಿಗೂ, ಕರಾವಳಿಯ ಕ್ರೈಸ್ತರ ಮೇಲಿನ ಸಂಶಯಕ್ಕೂ ಈ ಬೋಧನೆ ಒಂದೇ ರೀತಿ ಅನ್ವಯಿಸುತ್ತದೆ.

ಸುಲ್ತಾನರ ಮೇಲಿನ ಪ್ರೀತಿ ಅವರನ್ನು ತಪ್ಪಿಲ್ಲದವರೆಂದು ಸಾಧಿಸುವುದರಲ್ಲಿ ಇಲ್ಲ. ಅವರ ಧೈರ್ಯದ ಜೊತೆಗೆ ಅವರ ತಪ್ಪುಗಳನ್ನೂ ಓದಿ ಕಲಿಯುವುದರಲ್ಲಿ ಇದೆ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಹತ್ತಿರ ಹಳೆಯ ಕೋಟೆಯ ಒಂದು ಭಾಗ ಇನ್ನೂ ನಿಂತಿದೆ. 1791ರಲ್ಲಿ ಗೋಡೆ ಒಡೆದ ಜಾಗವನ್ನು ಅಲ್ಲಿ ಕಲ್ಲು ನೆಟ್ಟು ಗುರುತಿಸಿದ್ದಾರೆ. ಮುಂದಿನ ಶಾಲಾ ಪ್ರವಾಸದಲ್ಲಿ ಮಕ್ಕಳನ್ನು ಅಲ್ಲಿಗೂ ಕರೆದುಕೊಂಡು ಹೋಗಿ. ಅಲ್ಲಾಹನು ಸುಲ್ತಾನರ ತಪ್ಪುಗಳನ್ನು ಮನ್ನಿಸಿ ಅವರ ತ್ಯಾಗವನ್ನು ಸ್ವೀಕರಿಸಲಿ, ನಮ್ಮ ಮಕ್ಕಳಿಗೆ ವಿದ್ಯೆಯ ಜೊತೆ ವಿವೇಕವನ್ನೂ ಕೊಡಲಿ. ಆಮೀನ್.