ಮಹಾಳಿಯ ಮದ್ದು ಮತ್ತು ಕೆನಡಾದ ಕೋಲ್ಮನ್

ಬಂಟ್ವಾಳ ತಾಲ್ಲೂಕಿನ ನಮ್ಮ ಹಳೆಯ ಮನೆಯ ಕೊಟ್ಟಿಗೆಯ ಗೋಡೆಯಲ್ಲಿ ನೀಲಿ ಕಲೆಗಳಿವೆ. ಎಷ್ಟು ಸಲ ಸುಣ್ಣ ಬಳಿದರೂ ಅವು ಮರೆಯಾಗಲಿಲ್ಲ. ಪತ್ತನಾಜೆ ಕಳೆದು ಮಳೆ ಹಿಡಿಯುವ ಮುನ್ನ ಅಲ್ಲಿ ಒಂದು ಪಾತ್ರೆಯಲ್ಲಿ ಮೈಲುತುತ್ತು, ಇನ್ನೊಂದರಲ್ಲಿ ಸುಣ್ಣ ಕರಗುತ್ತಿತ್ತು. ಎರಡನ್ನೂ ಕೂಡಿಸಿದ ಮೇಲೆ ತಂದೆಯವರು ಕತ್ತಿಯ ಅಲಗನ್ನು ಅದ್ದಿ ನೋಡುತ್ತಿದ್ದರು. ಅಲಗು ಕೆಂಪಾದರೆ ಸುಣ್ಣ ಸಾಲದು ಎಂದರ್ಥ. ಆಮೇಲೆ ಗಟಾರು ಪಂಪು, ಮರ ಏರುವವರು, ಗೊನೆಗೊನೆಗೂ ಮದ್ದು. ಬೆಳ್ತಂಗಡಿಯ ಘಟ್ಟದ ಬುಡದಲ್ಲಾಗಲಿ, ಮೂಡುಬಿದಿರೆಯ ಗುಡ್ಡಗಳ ನಡುವಣ ತೋಟಗಳಲ್ಲಾಗಲಿ ಕ್ರಮ ಇದೇ. ಈ ಮದ್ದನ್ನು ನಮ್ಮ ಅಡಿಕೆಗೆ ಹೊಂದಿಸಿಕೊಟ್ಟವರು ಯಾರೆಂಬುದು ನನಗೆ ತಿಳಿದದ್ದು ತೋಟದ ಲೆಕ್ಕಪತ್ರ ನನ್ನ ಕೈಗೆ ಬಂದ ಬಹುಕಾಲದ ನಂತರ.

ಅವರು ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್. 1878ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಜನಿಸಿದವರು. ಟೊರಾಂಟೊ ವಿಶ್ವವಿದ್ಯಾಲಯದಿಂದ 1904ರಲ್ಲಿ ಪದವಿ ಪಡೆದು, ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯಕ್ಕೆ ತೆರಳಿ, ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಸಾರಜನಕವನ್ನು ಮಾರ್ಪಡಿಸುವ ಬಗೆಯನ್ನು ಕುರಿತು ಸಂಶೋಧನೆ ನಡೆಸಿ ಡಾಕ್ಟರೇಟ್ ಗಳಿಸಿದರು. 1908ರಲ್ಲಿ ಮೈಸೂರು ಸಂಸ್ಥಾನ ಅವರನ್ನು ಶಿಲೀಂಧ್ರತಜ್ಞ ಹಾಗೂ ಕೀಟತಜ್ಞರನ್ನಾಗಿ ನೇಮಿಸಿಕೊಂಡಿತು. ಆಗ ಅವರಿಗೆ ಮೂವತ್ತು ವರ್ಷ. ಗಾಟಿಂಗೆನ್ನಿನ ಪ್ರಯೋಗಶಾಲೆಯಲ್ಲಿ ಕಲಿತವರೊಬ್ಬರು ಮಲೆನಾಡಿನ ಜಿಗಣೆಗಳ ನಡುವೆ ಬಂದು ನಿಂತರು.

ಅಡಿಕೆಯ ಕೊಳೆರೋಗ, ನಮ್ಮ ಕಡೆಯವರ ಮಾತಿನಲ್ಲಿ ಮಹಾಳಿ, ಮಳೆಗಾಲದ ರೋಗ. ಎಳೆಕಾಯಿಯ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂಥ ಕಡುಹಸಿರು ಕಲೆ ಮೂಡಿ, ಹರಡಿ, ಕಾಯಿ ಉದುರಿಬೀಳುತ್ತದೆ. ಬಿದ್ದ ಕಾಯಿಯ ಮೇಲೆ ಬಿಳಿಯ ಬೂಷ್ಟು ಬೆಳೆಯುತ್ತದೆ. ಮಳೆ ಬಿಡದೆ ಸುರಿದ ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಫಸಲು ನೆಲದಲ್ಲಿ ಕೊಳೆಯುವುದುಂಟು. ದೈವದ ಮುನಿಸೆಂದೋ ಗಾಳಿಯ ದೋಷವೆಂದೋ ಬಗೆದವರಿದ್ದರು. ಹಾಗೆಂದು ರೈತರು ಕೈಕಟ್ಟಿ ಕುಳಿತಿರಲಿಲ್ಲ. ಮಲೆನಾಡಿನಲ್ಲಿ ಗೊನೆಗಳ ಮೇಲೆ ನೀರು ಬೀಳದಂತೆ ಕೊಟ್ಟೆ ಕಟ್ಟುವ ಪದ್ಧತಿಯಿತ್ತು. ಮರಮರಕ್ಕೂ ಏರಿ, ಗೊನೆಗೊನೆಗೂ ಹೊದಿಕೆ ತೊಡಿಸುವ ಆ ಕೆಲಸ ಎಷ್ಟು ಕಷ್ಟದ್ದು ಎಂಬುದನ್ನು ಅಡಿಕೆಮರ ಕಂಡವರು ಊಹಿಸಬಲ್ಲರು.

ಕೋಲ್ಮನ್ ರೋಗ ತಗುಲಿದ ಕಾಯಿಗಳಿಂದ ರೋಗಾಣುವನ್ನು ಬೇರ್ಪಡಿಸಿ, ಆರೋಗ್ಯವಂತ ಕಾಯಿಗಳಿಗೆ ಸೋಂಕಿಸಿ ಪರೀಕ್ಷಿಸಿದರು. ಅದು ಫೈಟಾಫ್ತೊರಾ ಕುಲಕ್ಕೆ ಸೇರಿದ್ದು. 1845ರ ಬಳಿಕ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಯಿಸಿ, ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ಕ್ಷಾಮವನ್ನು ತಂದದ್ದು ಇದೇ ಕುಲದ ಇನ್ನೊಂದು ರೋಗಾಣು. ಇದರ ಬೀಜಕಣಗಳು ನೀರಿನಲ್ಲಿ ಈಜುತ್ತವೆ, ಮಳೆಹನಿಯ ಸಿಡಿತದೊಡನೆ ಗೊನೆಯಿಂದ ಗೊನೆಗೆ ದಾಟುತ್ತವೆ. ಅಲ್ಲಿಗೆ ಕೊಟ್ಟೆ ಕಟ್ಟುತ್ತಿದ್ದ ರೈತನ ಅನುಭವ ಸರಿಯಾಗಿಯೇ ಇತ್ತೆಂದಾಯಿತು.

ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದಿದ್ದ ಮೈಲುತುತ್ತು ಮತ್ತು ಸುಣ್ಣದ ಮಿಶ್ರಣವನ್ನು ಕೋಲ್ಮನ್ ಅಡಿಕೆಗೆ ಪ್ರಯೋಗಿಸಿದರು. ಕೊಳೆರೋಗವನ್ನು ಕುರಿತ ಅವರ ವರದಿ 1910ರಲ್ಲಿ ಪ್ರಕಟವಾಯಿತು. ಮದ್ದು ಅವರ ಸ್ವಂತ ಶೋಧವಲ್ಲ. ದ್ರಾಕ್ಷಿಬಳ್ಳಿ ಆಳೆತ್ತರದ ಗಿಡ. ಅಡಿಕೆಗೊನೆ ನಲವತ್ತು ಅಡಿ ಮೇಲೆ, ಎಡೆಬಿಡದ ಮಳೆಯಲ್ಲಿ ತೂಗುವ ವಸ್ತು. ಅಲ್ಲಿಗೆ ಮದ್ದನ್ನು ಮುಟ್ಟಿಸುವುದು, ಮುಟ್ಟಿದ್ದು ತೊಳೆದುಹೋಗದಂತೆ ನೋಡಿಕೊಳ್ಳುವುದು, ಯಾವ ವಾರ ಸಿಂಪಡಿಸಿದರೆ ಫಲವೆಂದು ನಿರ್ಧರಿಸುವುದು, ಇವೆಲ್ಲ ತೋಟದಲ್ಲಿ ನಿಂತು ಬಿಡಿಸಬೇಕಾದ ಪ್ರಶ್ನೆಗಳು. ಮೇಲಾಗಿ ಈ ಮದ್ದು ರೋಗ ಬರುವ ಮುನ್ನವೇ ಬೀಳಬೇಕು, ಬಂದ ಮೇಲೆ ಹೆಚ್ಚು ಪ್ರಯೋಜನವಿಲ್ಲ. ಇನ್ನೂ ಬಾರದ ರೋಗಕ್ಕೆ ಕೈಯಿಂದ ಹಣ ಹಾಕಿರೆಂದು ಸಾಲಗಾರ ರೈತನಿಗೆ ಹೇಳುವುದು ರೋಗಾಣುವನ್ನು ಗುರುತಿಸುವುದಕ್ಕಿಂತ ಕಠಿಣವೆಂದೇ ನನ್ನ ಎಣಿಕೆ.

1913ರಲ್ಲಿ ಅವರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿಶಾಲೆ ಆರಂಭವಾಯಿತು. ಶ್ರೀಗಂಧದ ಸ್ಪೈಕ್ ರೋಗದ ಅಧ್ಯಯನ, 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟುವುದಕ್ಕೆ ನೆರವು, ಹೀಗೆ ಸಾಗುತ್ತದೆ ಅವರ ಸೇವೆ. ದಖ್ಖನಿನ ರೆಕ್ಕೆಯಿಲ್ಲದ ಒಂದು ಮಿಡತೆಗೆ ಕೋಲ್ಮೇನಿಯಾ ಎಂಬ ಕುಲನಾಮವೇ ದೊರೆಯಿತು. ಕೆ. ಕುಂಞಿಕಣ್ಣನ್ ಅವರಂಥ ಭಾರತೀಯ ಕೀಟವಿಜ್ಞಾನಿಯೊಡನೆ ಸೇರಿ ಭತ್ತದ ಮಿಡತೆಯ ಮೇಲೆ ಬರೆದು, ಇಬ್ಬರ ಹೆಸರಿನಲ್ಲೂ ಪ್ರಕಟಿಸಿದ್ದನ್ನು ಆ ಕಾಲದ ಹಿನ್ನೆಲೆಯಲ್ಲಿ ಗಮನಿಸಬೇಕು. 1934ರಲ್ಲಿ ನಿವೃತ್ತರಾದರು, 1954ರಲ್ಲಿ ತೀರಿಕೊಂಡರು. ಹೆಬ್ಬಾಳದ ಶಾಲೆ 1946ರಲ್ಲಿ ಕಾಲೇಜಾಗಿ, 1964ರಲ್ಲಿ ಕೃಷಿ ವಿಶ್ವವಿದ್ಯಾಲಯವಾಗಿ ಬೆಳೆದದ್ದನ್ನು ಅವರು ಪೂರ್ತಿಯಾಗಿ ಕಾಣಲಿಲ್ಲ.

ನಮ್ಮ ಜಿಲ್ಲೆ ಅವರ ಅಧಿಕಾರದ ಹೊರಗಿತ್ತು. ದಕ್ಷಿಣ ಕನ್ನಡ ಅಂದು ಮದರಾಸಿನದು. ಮೈಸೂರಿನ ನಿರ್ದೇಶಕರ ಆಜ್ಞೆ ಘಟ್ಟದ ಮೇಲೆಯೇ ನಿಲ್ಲುತ್ತಿತ್ತು. ಮದ್ದು ಮಾತ್ರ ಗಡಿ ಕೇಳಲಿಲ್ಲ. ನನ್ನ ಅಜ್ಜ ಚಾಲಗೇಣಿಯ ಒಕ್ಕಲು. ಮಹಾಳಿ ಬಂದ ವರ್ಷವೂ ಧಣಿಗಳ ಗೇಣಿ ತೀರಲೇಬೇಕಿತ್ತು. ಸಾಲ ಮಾಡಿ ತೀರಿಸಿದ ವರ್ಷಗಳ ಕಥೆ ನಮ್ಮ ಮನೆಯಲ್ಲಿ ಬಹುದಿನ ಉಳಿದಿತ್ತು. ಮುಂದೆ 1956ರಲ್ಲಿ ನಮ್ಮ ತಾಲ್ಲೂಕಿನ ವಿಟ್ಲದಲ್ಲೇ ಅಡಿಕೆ ಸಂಶೋಧನ ಕೇಂದ್ರ ಬಂತು, 1974ರ ಭೂಸುಧಾರಣೆಯಿಂದ ಒಕ್ಕಲುಗಳಿಗೆ ಭೂಮಿ ಸಿಕ್ಕಿತು. ಮೂರು ತಾಲ್ಲೂಕುಗಳಲ್ಲಿ ಅಡಿಕೆಯ ಹಣದಿಂದ ಓದಿದವರ ಲೆಕ್ಕ ಇಡುವುದು ಕಷ್ಟ. ನಾನೂ ಅವರಲ್ಲೊಬ್ಬ.

ಈ ಋಣವನ್ನು ನೆನೆಯುವಾಗ ಎರಡು ಸಂಗತಿಗಳು ನನ್ನನ್ನು ಕಾಡುತ್ತವೆ. ತಾಮ್ರ ಮಣ್ಣಿನಲ್ಲಿ ಕರಗಿ ಇಲ್ಲವಾಗುವ ವಸ್ತುವಲ್ಲ. ಫ್ರಾನ್ಸಿನ ದ್ರಾಕ್ಷಿತೋಟಗಳ ಮೇಲ್ಮಣ್ಣಿನಲ್ಲಿ ಅದು ಶೇಖರಗೊಂಡು ಎರೆಹುಳುಗಳಿಗೆ ಹಾನಿಯಾಗುತ್ತಿರುವುದನ್ನು ವಿಜ್ಞಾನಿಗಳು ತೋರಿಸಿದ್ದಾರೆ. ತಲೆಮಾರುಗಳಿಂದ ವರ್ಷಕ್ಕೆ ಎರಡು ಮೂರು ಬಾರಿ ಅದೇ ಮದ್ದನ್ನು ಬಿಟ್ಟವರು ನಾವು. ಇನ್ನೊಂದು ಇದಕ್ಕಿಂತ ಘೋರವಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರದ ಬರಿಯ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಆ ವರದಿಯ ಮಾತೆತ್ತಿದರೆ ಹಲವರಿಗೆ ಸಿಟ್ಟು ಬರುತ್ತದೆ. ನನಗೂ ಬಂದಿತ್ತು. ಆದರೆ ಮಹಾಳಿಗೆ ಕಾರಣ ಹೇಳಿದ ವಿಜ್ಞಾನವನ್ನು ನಂಬಿ, ಬಾಯಿಯ ಹುಣ್ಣಿಗೆ ಕಾರಣ ಹೇಳುವ ವಿಜ್ಞಾನವನ್ನು ದೂರಿದರೆ ನ್ಯಾಯವಾಗದು.

ಆದರೆ ಅಡಿಕೆ ಕೆಟ್ಟದ್ದೆಂದು ಹೇಳಿದಷ್ಟಕ್ಕೇ ವಿಶ್ವವಿದ್ಯಾಲಯಗಳ ಕೆಲಸ ಮುಗಿಯಲಿಲ್ಲ. ಒಂದೆರಡು ಎಕರೆಯ ಕುಟುಂಬ ಈ ಇಳಿಜಾರಿನಲ್ಲಿ, ಸುಮಾರು 4000 ಮಿಲಿಮೀಟರ್ ಮಳೆಯಲ್ಲಿ, ಬೇರೇನನ್ನು ಬೆಳೆದು ಬದುಕಬೇಕು? ತಾಮ್ರದ ಬದಲು ಏನನ್ನು ಬಿಡಬೇಕು? ವೈದ್ಯರು, ಮಣ್ಣಿನ ತಜ್ಞರು, ಅರ್ಥಶಾಸ್ತ್ರಜ್ಞರು ಒಂದೇ ತೋಟದಲ್ಲಿ ಒಂದು ಮಳೆಗಾಲ ಕಳೆದು ಉತ್ತರಿಸಬೇಕಾದ ಪ್ರಶ್ನೆಗಳಿವು. ಬರುವವರಿದ್ದರೆ ನಮ್ಮ ತೋಟದ ಬಾಗಿಲು ತೆರೆದಿದೆ.

ಈ ವರ್ಷದ ಮೈಲುತುತ್ತು ತಂದಿಟ್ಟಾಗಿದೆ. ಮರ ಏರುವವರು ಸಿಗುತ್ತಿಲ್ಲ. ಅಣ್ಣನ ಮಗ ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದಲ್ಲಿ ನಿಂತೇ ಮದ್ದು ಬಿಡುವುದನ್ನು ಕಲಿಯುತ್ತಿದ್ದಾನೆ. ಅಲಗು ಅದ್ದಿ ನೋಡುವ ಕೆಲಸ ಮಾತ್ರ ಇನ್ನೂ ನನ್ನದೇ.